ತಕ್ಕಡಿಯ ಮುಳ್ಳೂ ವಿಮಾನದ ಮುಳ್ಳೂ

ಭಾಲ್ಕಿಯ ಪೇಟೆಗೆ ತೊಗರಿಬೇಳೆ ಕೊಳ್ಳಹೋದ ಅನುಭವಸ್ಥಳಾದ ಗೃಹಿಣಿಯು, ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತೆಂಬಷ್ಟಕ್ಕೇ ಕೈಚೀಲವನ್ನು ಮುಂದಕ್ಕೊಡ್ಡುವವಳಲ್ಲ. “ಸಾವಕಾರರೇ, ಮೊದಲು ಬರಿ ತಕ್ಕಡಿ ಎತ್ತಿ ತೋರಿಸಿರಿ” ಎನ್ನುವಳು. ತೂಕದ ಕಲ್ಲಿನ ಮೇಲೆ ಮುದ್ರೆಯುಂಟೇ ಎಂದು ನೋಡುವಳು. ಮನೆಗೆ ಬಂದಮೇಲೆ ತನ್ನ ಸೇರಿನಿಂದ ಇನ್ನೊಮ್ಮೆ ಅಳೆದುಕೊಳ್ಳುವಳು. ಎರಡು ತಟ್ಟೆಗಳೂ ಸಮನಾಗಿ ತುಂಬಿದಾಗ ಮುಳ್ಳು ನೆಟ್ಟಗಿರುವುದು. ಎರಡೂ ಬರಿದಾಗಿದ್ದಾಗಲೂ ಅದು ನೆಟ್ಟಗೇ ಇರುವುದು. ಮುಳ್ಳನ್ನಷ್ಟೇ ದಿಟ್ಟಿಸುವವನಿಗೆ ಈ ಎರಡರ ಭೇದವು ತಿಳಿಯುವಂತಿಲ್ಲ. ಅಂಕಿಗಳನ್ನು ತೋರಿಸುವ ವಿದ್ಯುತ್ತಿನ ತಕ್ಕಡಿಗಳು ಅಂಗಡಿಗಳಿಗೆ ಬಂದಮೇಲೆಯೂ ಜಾಣೆಯರ ಈ ಸಂಶಯಬುದ್ಧಿ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ಇದೇ ಸಂಶಯಬುದ್ಧಿಯು ಆಕಾಶದಲ್ಲಿ ನೂರಾರು ಜನರ ಪ್ರಾಣವನ್ನು ಉಳಿಸಿದುದುಂಟು. ಅದು ಎಚ್ಚರವಾಗಿರದ ಕಡೆಗಳಲ್ಲಿ ಪ್ರಾಣಗಳು ಹೋದುದೂ ಉಂಟು. ಆ ಸಂಗತಿಯನ್ನೇ ಈ ಸಲ ವಾಚಕರ ಮುಂದಿಡಲು ಬಯಸುತ್ತೇವೆ.

ಬೀದರದವರಿಗೆ ವಿಮಾನವು ಹೊಸ ಪದಾರ್ಥವೇನಲ್ಲ. ಭಾರತೀಯ ವಾಯುಪಡೆಯ ತರಬೇತಿಯ ನೆಲೆ ಅಲ್ಲಿ ಬಹುಕಾಲದಿಂದ ಇದೆ. ೧೯೯೬ರಲ್ಲಿ ‘ಸೂರ್ಯಕಿರಣ’ವೆಂಬ ವೈಮಾನಿಕ ಪ್ರದರ್ಶನತಂಡವು ಕಟ್ಟಲ್ಪಟ್ಟುದು ಅಲ್ಲಿಯೇ; ಅದು ಮೊದಲಲ್ಲಿ ಹಾರಿಸಿದ ‘ಕಿರಣ’ ವಿಮಾನಗಳು ನಮ್ಮ ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾದವು. ೨೦೦೮ರಿಂದ ‘ಹಾಕ್’ ಎಂಬ ಜೆಟ್ ವಿಮಾನಗಳಲ್ಲಿ ತರುಣ ವೈಮಾನಿಕರ ಶಿಕ್ಷಣವು ನಡೆಯತೊಡಗಿತು. ಆದರೆ ಈ ವಿಮಾನಗಳೆಲ್ಲವೂ ಊರವರಿಗೆ ಕತ್ತೆತ್ತಿ ನೋಡುವುದಕ್ಕೆ ಮಾತ್ರ ದಕ್ಕಿದವು, ಹತ್ತುವುದಕ್ಕಲ್ಲ. ೨೦೨೦ನೆಯ ಇಸವಿಯ ಫೆಬ್ರುವರಿ ೭ರಂದು ಬೆಂಗಳೂರಿಗೂ ಬೀದರಕ್ಕೂ ನಡುವೆ ಪ್ರಯಾಣಿಕರ ವಿಮಾನಸಂಚಾರವು ಆರಂಭವಾದಮೇಲೆ ಈ ಭೇದವು ಅಳಿಯಿತು. ಆ ಸಂಚಾರವು ನಡುವೆ ನಿಂತು ಮತ್ತೆ ನಡೆದುದೂ ಉಂಟು; ಅದು ಬೇರೆ ಕಥೆ. ರಾಜ್ಯದ ಉತ್ತರದ ತುದಿಯಲ್ಲಿರುವ ಔರಾದದಲ್ಲಿಯೂ, ಭಾಲ್ಕಿಯ ಹಳ್ಳಿಗಳಲ್ಲಿಯೂ ಬೆಂಗಳೂರಿನಲ್ಲಿ ಉದ್ಯೋಗಕ್ಕಿರುವ ಮಕ್ಕಳನ್ನು ಕಾಣಲು ವಿಮಾನ ಹತ್ತುವ ತಾಯಿತಂದೆಗಳು ಉಂಟಾದರು. “ಮೋಡದಾಗ ನೆಲಾ ಕಾಣ್ಸದಿದ್ರ ವಿಮಾನ ನಡಸಾಂವಗ ದಾರಿ ಹ್ಯಾಂಗ ಗೊತ್ತಾಗ್ತದಪಾ?” ಎಂದು ಔರಾದದ ತಾಯಿಯೊಬ್ಬಳು ಮಗನನ್ನು ಕೇಳಿದರೆ, “ಅದಕ್ಕೆಲ್ಲಾ ಯಂತ್ರ ಅದಾವವ್ವಾ” ಎಂಬುದೇ ಸಾಮಾನ್ಯವಾಗಿ ದೊರೆಯುವ ಉತ್ತರ. ಉತ್ತರವೇನೋ ಸರಿಯೇ, ಆದರೆ ಅರ್ಧ ಮಾತ್ರ ಸರಿ. ಯಂತ್ರವೇ ದಾರಿ ತಪ್ಪಿಸಿದರೆ ಮಾಡುವುದೇನು ಎಂಬುದು ಅದರ ಉಳಿದರ್ಧ.

ಮೊದಲು ಆ ಯಂತ್ರದ ಬಗೆಯನ್ನು ತಿಳಿಯೋಣ. ದೊಡ್ಡ ವಿಮಾನನಿಲ್ದಾಣಗಳಲ್ಲಿ ಓಡುದಾರಿಯ ಬಳಿ ಎರಡು ರೇಡಿಯೋ ಪ್ರೇಷಕಗಳನ್ನು ನಿಲ್ಲಿಸಿರುವರು. ಒಂದು, ವಿಮಾನವು ಓಡುದಾರಿಯ ನೇರಕ್ಕಿದೆಯೇ, ಎಡಬಲಗಳಿಗೆ ಸರಿದಿದೆಯೇ ಎಂಬುದನ್ನು ತಿಳಿಸುವುದು. ಇನ್ನೊಂದು, ಇಳಿಯಬೇಕಾದ ಇಳಿಜಾರಿಗಿಂತ ಮೇಲಿದೆಯೇ ಕೆಳಗಿದೆಯೇ ಎಂಬುದನ್ನು ತಿಳಿಸುವುದು. ಈ ಏರ್ಪಾಡನ್ನು ವೈಮಾನಿಕರು ಐ. ಎಲ್. ಎಸ್. ಎಂದು ಕರೆಯುವರು. ಇಳಿಜಾರನ್ನು ತೋರಿಸುವ ಪ್ರೇಷಕವು ಎರಡು ಸ್ವರಗಳನ್ನು ಹೊರಸೂಸುವುದು: ಒಂದು ಸೆಕೆಂಡಿಗೆ ೯೦ ಕಂಪನಗಳದು, ಇನ್ನೊಂದು ೧೫೦ ಕಂಪನಗಳದು. ವಿಮಾನವು ಇಳಿಜಾರಿಗಿಂತ ಮೇಲಿದ್ದರೆ ಮೊದಲನೆಯ ಸ್ವರವು ಹೆಚ್ಚಾಗಿ ಕೇಳಿಬರುವುದು, ಕೆಳಗಿದ್ದರೆ ಎರಡನೆಯದು. ಎರಡೂ ಸಮನಾಗಿ ಕೇಳುವ ರೇಖೆಯೇ ವಿಮಾನವು ಹಿಡಿಯಬೇಕಾದ ದಾರಿ. ಅದು ನೆಲದಿಂದ ಸುಮಾರು ೩ ಡಿಗ್ರಿ ಓರೆಯಾಗಿರುವುದು. ವಿಮಾನದೊಳಗಿನ ಉಪಕರಣವು ಈ ಎರಡು ಸ್ವರಗಳನ್ನು ತಕ್ಕಡಿಯಂತೆ ತೂಗಿ ನೋಡುವುದು. ಸಮತೂಗಿದರೆ ಮುಳ್ಳು ನಡುವೆ ನಿಲ್ಲುವುದು. ಸಂಕೇತವೇ ಬಾರದಿದ್ದರೆ ಎಚ್ಚರಿಕೆಯ ಗುರುತೊಂದು ಕಾಣಿಸಿಕೊಂಡು, ‘ನನ್ನನ್ನು ನಂಬಬೇಡ’ ಎನ್ನುವುದು. ಇದಲ್ಲದೆ ನೆಲದ ಮೇಲೆಯೂ ಕಾವಲು ಯಂತ್ರವೊಂದಿದ್ದು, ಪ್ರೇಷಕವು ಕೆಟ್ಟೊಡನೆ ಅದನ್ನು ತಾನಾಗಿ ನಿಲ್ಲಿಸಿಬಿಡುವುದು. ಇಷ್ಟು ಕಟ್ಟುಪಾಡುಗಳಿರುವಾಗ ಮೋಸಕ್ಕೆ ಎಡೆಯೆಲ್ಲಿ ಎಂದು ಯಾರಿಗಾದರೂ ತೋರಬಹುದು.

ಎಡೆಯಿತ್ತು. ೨೦೦೦ನೆಯ ಇಸವಿಯ ಜುಲೈ ೨೯ರ ರಾತ್ರಿ ಏರ್ ನ್ಯೂಜಿಲೆಂಡ್ ಸಂಸ್ಥೆಯ ೬೦ನೆಯ ಸಂಖ್ಯೆಯ ವಿಮಾನವು ಆಕ್ಲೆಂಡಿನಿಂದ ಹೊರಟು ಪೆಸಿಫಿಕ್ ಸಾಗರದ ಸಮೋವಾ ದ್ವೀಪದ ಏಪಿಯಾ ನಗರದ ನಿಲ್ದಾಣಕ್ಕೆ ಇಳಿಯುತ್ತಿತ್ತು. ಬೋಯಿಂಗ್ ೭೬೭ ಜಾತಿಯ ದೊಡ್ಡ ವಿಮಾನ, ಅನುಭವಸ್ಥರಾದ ವೈಮಾನಿಕರು. ಇಳಿಜಾರಿನ ಮುಳ್ಳು ನಡುವೆ ಬಂದು ನಿಂತಿತು, ಕದಲಲಿಲ್ಲ. ಎಚ್ಚರಿಕೆಯ ಗುರುತು ಯಾವುದೂ ಕಾಣಲಿಲ್ಲ. ಅಲ್ಲಿದ್ದ ಉಪಕರಣಗಳೆಲ್ಲವೂ ಒಕ್ಕೊರಳಿನಿಂದ ‘ಸರಿಯಾಗಿದೆ’ ಎಂದವು. ವಿಮಾನವು ನೆಮ್ಮದಿಯಾಗಿ ಇಳಿಯುತ್ತ ಹೋಯಿತು. ಅದು ಇಳಿಯುತ್ತಿದ್ದುದು ಓಡುದಾರಿಗಲ್ಲ, ಕತ್ತಲಿನೊಳಗೆ.

ನಡೆದುದೇನೆಂದರೆ, ನೆಲದ ಮೇಲಿನ ಪ್ರೇಷಕವನ್ನು ದುರಸ್ತಿಯ ಸಂದರ್ಭದಲ್ಲಿ ಕಾವಲು ಯಂತ್ರದ ಹಿಡಿತದಿಂದ ತಪ್ಪಿಸಿ ಹಾಗೆಯೇ ಬಿಡಲಾಗಿತ್ತು. ಕೆಟ್ಟರೆ ತಾನಾಗಿ ನಿಲ್ಲುವ ಶಕ್ತಿ ಅದಕ್ಕೆ ಆಗ ಇರಲಿಲ್ಲ. ಪ್ರೇಷಕದ ಒಂದು ಭಾಗವು ಕೆಟ್ಟಿತು. ಮೇಲೆ ಕೆಳಗೆ ಎಂಬ ಭೇದವನ್ನು ಉಂಟುಮಾಡುವ ಅಂಶವು ಇಲ್ಲವಾಗಿ, ಎರಡು ಸ್ವರಗಳೂ ಆಕಾಶದ ಎಲ್ಲೆಡೆಯೂ ಒಂದೇ ಸಮನಾಗಿ ಕೇಳಿಬರತೊಡಗಿದವು. ತಕ್ಕಡಿಯ ಎರಡು ತಟ್ಟೆಗಳಿಗೂ ಸಮತೂಕದ ಕಲ್ಲನ್ನು ಬೆಸೆದುಬಿಟ್ಟಂತಾಯಿತು. ವಿಮಾನವು ಎಲ್ಲಿದ್ದರೂ ಮುಳ್ಳು ನೆಟ್ಟಗೇ! ಸ್ವರಗಳು ಬರುತ್ತಲೇ ಇದ್ದುದರಿಂದ ಎಚ್ಚರಿಕೆಯ ಗುರುತು ಕಾಣಿಸಿಕೊಳ್ಳಲು ಕಾರಣವಿರಲಿಲ್ಲ.

ಆ ವಿಮಾನವನ್ನು ಉಳಿಸಿದುದು ಸೇರಿನ ಅಳತೆ. ವಿಮಾನದಲ್ಲಿ ಓಡುದಾರಿಗೆ ಇನ್ನೆಷ್ಟು ದೂರವೆಂದು ತಿಳಿಸುವ ಬೇರೊಂದು ಉಪಕರಣವಿರುವುದು. ಇಳಿಜಾರಿನ ಮುಳ್ಳಿಗೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. ನಾವಿಕ ಮೈಲಿ ಎಂದರೆ ಸುಮಾರು ೧.೮೫ ಕಿಲೋಮೀಟರ್. ಇಳಿಜಾರು ೩ ಡಿಗ್ರಿಯಾಗಿದ್ದರೆ ಒಂದು ನಾವಿಕ ಮೈಲಿಗೆ ೩೦೦ ಅಡಿಗೆ ತುಸು ಹೆಚ್ಚು ಎತ್ತರವಿರಬೇಕೆಂಬುದು ವೈಮಾನಿಕರ ಬಾಯಿಲೆಕ್ಕ. ಆ ರಾತ್ರಿ ದೂರದ ಅಂಕಿಯೂ ಎತ್ತರದ ಅಂಕಿಯೂ ಒಂದಕ್ಕೊಂದು ಕೂಡಿಬರಲಿಲ್ಲ. ಕಿಟಕಿಯ ಹೊರಗೆ ದ್ವೀಪದ ದೀಪಗಳು ಇರಬೇಕಾದುದಕ್ಕಿಂತ ಬಹಳ ಹತ್ತಿರವಾಗಿ ಕಂಡವು. ವೈಮಾನಿಕರು ಚರ್ಚಿಸುತ್ತ ಕೂರದೆ ಯಂತ್ರಕ್ಕೆ ಪೂರ್ಣಶಕ್ತಿಯನ್ನಿತ್ತು ಮೇಲೇರಿದರು. ಆಗ ಅವರು ಓಡುದಾರಿಗೆ ಐದೂವರೆ ನಾವಿಕ ಮೈಲಿಗಳಷ್ಟು, ಎಂದರೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿದ್ದರು. ಸುಮಾರು ೧,೭೦೦ ಅಡಿ ಎತ್ತರದಲ್ಲಿ ಇರಬೇಕಾಗಿದ್ದವರು ೪೦೦ ಅಡಿಗೂ ಕೆಳಗಿಳಿದಿದ್ದರು. ಬೀದರದ ಊರ ನಡುವಿನ ಚೌಬಾರದ ಬುರುಜು ೭೧ ಅಡಿ ಎತ್ತರದ್ದು. ಅಂಥ ಐದು ಬುರುಜುಗಳನ್ನು ಒಂದರ ಮೇಲೊಂದಿಟ್ಟರೆ ಎಷ್ಟಾಗುವುದೋ, ಹೆಚ್ಚುಕಡಿಮೆ ಅಷ್ಟೇ ಅಂತರ ಅವರಿಗೂ ಭೂಮಿಗೂ ಉಳಿದಿದ್ದುದು. ಎರಡನೆಯ ಸಲ ಆ ಇಳಿಜಾರಿನ ಮುಳ್ಳನ್ನು ಬದಿಗಿಟ್ಟು, ದೂರವನ್ನೂ ಎತ್ತರವನ್ನೂ ತಾಳೆನೋಡುತ್ತ ಸುಖವಾಗಿ ಇಳಿದರು.

ಇನ್ನೊಂದು ಮಾತನ್ನು ಇಲ್ಲಿ ಸಂತೋಷದಿಂದ ಹೇಳಬೇಕು. ಯಾರಿಗೂ ಗಾಯವಾಗದ ಈ ಪ್ರಸಂಗವನ್ನು ಆ ವಿಮಾನಸಂಸ್ಥೆಯವರು ಮುಚ್ಚಿಡಲಿಲ್ಲ. ಚಲಚ್ಚಿತ್ರವನ್ನೇ ಮಾಡಿಸಿ, ಬೇರೆ ದೇಶಗಳ ವೈಮಾನಿಕರಿಗೂ ಪಾಠವಾಗಲೆಂದು ಹಂಚಿದರು. ತಮ್ಮ ಮನೆಯ ಬಿರುಕನ್ನು ನೆರೆಯವರಿಗೆ ತೋರಿಸಿ ಅವರ ಗೋಡೆಯನ್ನು ಉಳಿಸುವ ಈ ಗುಣವು ವ್ಯಾಪಾರಸ್ಥರಲ್ಲಿ ಅಪರೂಪವಾದುದು.

ಪ್ರೇಷಕವು ಕೆಡದೆ ಸರಿಯಾಗಿದ್ದರೂ ಮುಳ್ಳು ಮೋಸಗೊಳಿಸುವ ಸಂದರ್ಭವುಂಟು. ೩ ಡಿಗ್ರಿಯ ನಿಜವಾದ ರೇಖೆಯ ಮೇಲೆ, ಆ ಪ್ರೇಷಕದ ಸ್ವಭಾವದಿಂದಲೇ ಹುಟ್ಟುವ ಹುಸಿರೇಖೆಗಳಿರುವುವು. ಸುಮಾರು ೯ ಡಿಗ್ರಿಯಲ್ಲಿ ಯಾವಾಗಲೂ, ೬ ಡಿಗ್ರಿಯಲ್ಲಿ ಕೆಲವೊಮ್ಮೆ ಮುಳ್ಳಿನ ಸೂಚನೆಯು ತಿರುಗುಮುರುಗಾಗುವುದು. ೨೦೧೩ರ ಮೇ ೩೧ರಂದು ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ನಿಲ್ದಾಣಕ್ಕೆ ಹೆಚ್ಚು ಎತ್ತರದಿಂದ ಬಂದ ಬೋಯಿಂಗ್ ೭೩೭ ವಿಮಾನವೊಂದರ ಸ್ವಯಂಚಾಲಕಯಂತ್ರವು ಇಂಥ ಹುಸಿರೇಖೆಗೆ ಗಂಟುಬಿದ್ದು, ಮೂತಿಯನ್ನು ಕಡಿದಾಗಿ ಮೇಲೆತ್ತಿತು. ವೇಗವು ಅಪಾಯದ ಮಟ್ಟಕ್ಕೆ ಕುಸಿಯಿತು. ವೈಮಾನಿಕರು ವಿಮಾನವನ್ನು ಕೈಗೆ ತೆಗೆದುಕೊಂಡು ಸುತ್ತಿಬಂದು ಇಳಿದರು. ಅದರಿಂದಲೇ ಇಳಿಜಾರಿನ ರೇಖೆಯನ್ನು ಯಾವಾಗಲೂ ಕೆಳಗಿನಿಂದ ಹೋಗಿ ಕೂಡಬೇಕು, ಮೇಲಿನಿಂದ ಬಿದ್ದು ಹಿಡಿಯಬಾರದು ಎಂದು ಶಿಕ್ಷಕರು ಕಲಿಸುವರು.

ನಮ್ಮ ದೇಶದಲ್ಲಿಯೂ ಹುಸಿಸಂಕೇತದ ವಿಷಯವಾಗಿ ಹಳೆಯದೊಂದು ವ್ಯಾಜ್ಯವುಂಟು. ೧೯೭೨ರ ಜೂನ್ ೧೪ರಂದು ಬ್ಯಾಂಕಾಕಿನಿಂದ ಬಂದ ಜಪಾನ್ ಏರ್‌ಲೈನ್ಸಿನ ವಿಮಾನವು ದೆಹಲಿಯ ಪಾಲಂ ನಿಲ್ದಾಣಕ್ಕೆ ಇಳಿಯುತ್ತಿರುವಾಗ ಯಮುನೆಯ ದಂಡೆಯ ಬಳಿ ನೆಲಕ್ಕೆ ಬಡಿದು, ೮೦ಕ್ಕೂ ಹೆಚ್ಚು ಮಂದಿ ಮಡಿದರು. ಇಳಿಜಾರಿನ ಸಂಕೇತವೇ ಹುಸಿಯಾಗಿತ್ತೆಂದು ಜಪಾನಿನ ಕಡೆಯವರು ವಾದಿಸಿದರು. ಓಡುದಾರಿಯು ಕಣ್ಣಿಗೆ ಬೀಳುವ ಮೊದಲೇ ನಿಯಮವನ್ನು ಮೀರಿ ಕೆಳಗಿಳಿದುದು ವೈಮಾನಿಕರ ತಪ್ಪೆಂದು ಭಾರತದ ವಿಚಾರಣೆಯು ನಿರ್ಣಯಿಸಿತು. ವಾದವು ಯಾರ ಕಡೆಗೇ ವಾಲಲಿ, ಎರಡನೆಯ ಅಳತೆಯ ಅಗತ್ಯವು ಎರಡು ಪಕ್ಷಗಳ ಮಾತಿನಿಂದಲೂ ಹೊರಡುವುದಷ್ಟೆ.

ಆ ಎರಡನೆಯ ಅಳತೆಯಾದ ಎತ್ತರದ ಅಂಕಿಯಾದರೂ ಪೂರ್ಣ ನಂಬಿಕೆಗೆ ಅರ್ಹವೇ? ಎತ್ತರಮಾಪಕವು ನೆಲವನ್ನು ಕಾಣದು. ಅದು ಅಳೆಯುವುದು ಸುತ್ತಣ ಗಾಳಿಯ ಒತ್ತಡವನ್ನು. ಮೇಲೇರಿದಂತೆ ಒತ್ತಡವು ಕಡಿಮೆಯಾಗುವುದೆಂಬ ನಿಯಮದಿಂದ ಎತ್ತರವನ್ನು ಊಹಿಸುವುದು. ಸಾಮಾನ್ಯವಾಗಿ ಅದು ಹೇಳುವ ಎತ್ತರವು ಸಮುದ್ರಮಟ್ಟದಿಂದ ಎಣಿಸಿದುದು. ಬೀದರದ ನಿಲ್ದಾಣವು ಕೆಂಪುಮುರಕಲ್ಲಿನ ಪ್ರಸ್ಥಭೂಮಿಯ ಮೇಲೆ, ಸಮುದ್ರಕ್ಕಿಂತ ಸುಮಾರು ೨,೨೦೦ ಅಡಿ ಎತ್ತರದಲ್ಲಿದೆ. ಮುಳ್ಳು ೨,೫೦೦ ಎಂದು ತೋರಿಸುವಾಗ ಮಂಗಳೂರಿನ ಕಡಲಿನ ಮೇಲಿರುವ ವೈಮಾನಿಕನಿಗೆ ಕಾಲಕೆಳಗೆ ಎರಡೂವರೆ ಸಾವಿರ ಅಡಿ ಬಯಲುಂಟು; ಬೀದರದ ನಿಲ್ದಾಣದ ಮೇಲಿರುವವನಿಗೆ ಉಳಿದುದು ಮುನ್ನೂರೇ ಅಡಿ. ಮುಳ್ಳು ಇಬ್ಬರಿಗೂ ನಿಜವನ್ನೇ ಹೇಳಿತು. ಅದರ ಅರ್ಥವನ್ನು ಮಾಡಿಕೊಳ್ಳಬೇಕಾದವನು ಮನುಷ್ಯ.

ಇದಲ್ಲದೆ ಗಾಳಿಯ ಒತ್ತಡವು ದಿನದಿನಕ್ಕೆ, ಹೊತ್ತುಹೊತ್ತಿಗೆ ಬದಲಾಗುವುದು. ಆದಕಾರಣ ಇಳಿಯುವ ಮುನ್ನ ನಿಲ್ದಾಣದವರು ಆ ಹೊತ್ತಿನ ಒತ್ತಡವನ್ನು ರೇಡಿಯೋ ಮೂಲಕ ತಿಳಿಸುವರು; ವೈಮಾನಿಕನು ಮಾಪಕವನ್ನು ಅದಕ್ಕೆ ಸರಿಹೊಂದಿಸಿಕೊಳ್ಳುವನು. ಈ ಅಂಕಿಯಲ್ಲಿ ಒಂದೇ ಒಂದು ಮಾನದ ತಪ್ಪಾದರೆ ಎತ್ತರದಲ್ಲಿ ಸುಮಾರು ೨೮ ಅಡಿ ತಪ್ಪಿತು. ೨೦೨೨ರ ಮೇ ೨೩ರಂದು ಪ್ಯಾರಿಸ್ ನಗರದ ನಿಲ್ದಾಣಕ್ಕೆ ಮಳೆಯಲ್ಲಿ ಇಳಿಯುತ್ತಿದ್ದ ಏರ್‌ಬಸ್ ಎ-೩೨೦ ವಿಮಾನವೊಂದಕ್ಕೆ ೧೦೦೧ ಎನ್ನಬೇಕಾದಲ್ಲಿ ೧೦೧೧ ಎಂದು ಹೇಳಲಾಯಿತು. ಒಂದು ಸೊನ್ನೆಯಿದ್ದೆಡೆ ಒಂದು ಒಂದು, ಅಷ್ಟೇ. ಮಾಪಕದಲ್ಲಿ ಎಲ್ಲವೂ ನೇರ್ಪಾಗಿ ಕಾಣುತ್ತಿದ್ದಂತೆಯೇ ವಿಮಾನವು ನಿಜದಲ್ಲಿ ಸುಮಾರು ೨೮೦ ಅಡಿ ಕೆಳಗಿತ್ತು. ಓಡುದಾರಿಯು ಕಾಣದುದರಿಂದ ವೈಮಾನಿಕರು ನಿಯಮದಂತೆ ಮೇಲೇರಿದರು. ಆ ಗಳಿಗೆಯಲ್ಲಿ ಅವರು ಓಡುದಾರಿಗೆ ಒಂದೂವರೆ ಕಿಲೋಮೀಟರಿನಷ್ಟು ಈಚೆಗೆ, ನೆಲದಿಂದ ಕೇವಲ ೬ ಅಡಿ ಮೇಲಿದ್ದರೆಂದು ಆಮೇಲಿನ ತನಿಖೆಯಿಂದ ತಿಳಿಯಿತು. ಆರಡಿ ಎಂದರೆ ಒಬ್ಬ ಮನುಷ್ಯನ ಉದ್ದ.

ಈ ಪ್ರಕರಣಗಳಲ್ಲಿ ಉಪಕರಣಕ್ಕೆ ಸಿಕ್ಕ ಸುದ್ದಿಯೇ ತಪ್ಪು. ಉಪಕರಣವೂ ಸರಿ, ಸುದ್ದಿಯೂ ಸರಿ, ಆದರೂ ಯಂತ್ರವು ಮಾಡುತ್ತಿರುವ ಕೆಲಸವೇ ಬೇರೆ, ಮನುಷ್ಯನು ಎಣಿಸಿದುದೇ ಬೇರೆ ಎಂಬ ಬಗೆಯ ಮೋಸವು ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಇದಕ್ಕೆ ದೂರದೇಶದ ಉದಾಹರಣೆ ಬೇಕಿಲ್ಲ. ಕನ್ನಡನಾಡಿನ ರಾಜಧಾನಿಯಲ್ಲಿಯೇ ಅದು ನಡೆಯಿತು.

೧೯೯೦ರ ಫೆಬ್ರುವರಿ ೧೪ರಂದು ಮುಂಬಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸಿನ ೬೦೫ನೆಯ ವಿಮಾನವು ಬೆಂಗಳೂರಿನ ಹಳೆಯ ಎಚ್. ಎ. ಎಲ್. ನಿಲ್ದಾಣವನ್ನು ಸಮೀಪಿಸುತ್ತಿತ್ತು. ಹೊತ್ತು ಮಧ್ಯಾಹ್ನ ಒಂದು ಗಂಟೆ; ತಿಳಿಯಾದ ಆಕಾಶ; ಓಡುದಾರಿಯು ಕಣ್ಣೆದುರಿಗಿತ್ತು. ಏರ್‌ಬಸ್ ಎ-೩೨೦ ಎಂಬ ಆ ವಿಮಾನವು ಆಗ ಭಾರತಕ್ಕೆ ಹೊಸದು. ಗಣಕಯಂತ್ರಗಳಿಂದ ನಡೆಯುವ ಹೊಸ ಕ್ರಮದ್ದು. ಅದರಲ್ಲಿ ಎಷ್ಟು ಎತ್ತರಕ್ಕೆ ಹೋಗಬೇಕೆಂದು ಗೊತ್ತುಮಾಡುವ ತಿರುಪೂ, ನಿಮಿಷಕ್ಕೆ ಎಷ್ಟು ಅಡಿಯಂತೆ ಇಳಿಯಬೇಕೆಂದು ಗೊತ್ತುಮಾಡುವ ತಿರುಪೂ ಒಂದೇ ಫಲಕದಲ್ಲಿ ಅಕ್ಕಪಕ್ಕದಲ್ಲಿದ್ದವು. ನಿಮಿಷಕ್ಕೆ ೭೦೦ ಅಡಿಯಂತೆ ಇಳಿಯಲೆಂದು ಒಂದನ್ನು ತಿರುಗಿಸಹೋಗಿ ಮತ್ತೊಂದನ್ನು ತಿರುಗಿಸಿ, ೭೦೦ ಅಡಿಯ ಎತ್ತರಕ್ಕೆ ಇಳಿಯೆಂದು ಆಜ್ಞೆ ಕೊಟ್ಟಂತಾಗಿರಬಹುದೆಂಬುದು ವಿಚಾರಣೆಯಲ್ಲಿ ಎದ್ದುಬಂದ ಸಂಭವ. ಬೆಂಗಳೂರಿನ ಆ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು ೨,೯೦೦ ಅಡಿ ಮೇಲಿದೆ. ೭೦೦ ಅಡಿ ಎಂಬುದು ಅಲ್ಲಿ ಪಾತಾಳದ ಮಾತು! ಯಂತ್ರಕ್ಕೆ ಅದು ಅಸಂಬದ್ಧವೆಂದು ತೋರಲಿಲ್ಲ. ಎಂಜಿನುಗಳು ಶಕ್ತಿಯಿಲ್ಲದೆ ಬರಿದೇ ತಿರುಗುತ್ತಿರುವಂತೆ ಮಾಡಿಕೊಂಡು ವಿಮಾನವು ಇಳಿಯತೊಡಗಿತು. ವೇಗವೂ ಕುಗ್ಗುತ್ತ ಬಂದಿತು.

ನೆಲಕ್ಕೆ ರೇಡಿಯೋ ಅಲೆಯನ್ನು ಬಿಟ್ಟು ಅದರ ಪ್ರತಿಧ್ವನಿಯಿಂದ ನಿಜವಾದ ಅಂತರವನ್ನು ಅಳೆಯುವ ಬೇರೊಂದು ಮಾಪಕವುಂಟು. ಅದು ಆ ದಿನ ತನ್ನ ಕರ್ತವ್ಯವನ್ನು ಮಾಡಿತು. ‘ನಾನೂರು’, ‘ಮುನ್ನೂರು’, ‘ಇನ್ನೂರು’ ಎಂದು ಬಾಯಿಬಿಟ್ಟು ಕೂಗಿತು. ಎಚ್ಚರಗೊಂಡು ಪೂರ್ಣಶಕ್ತಿಯನ್ನು ಕೊಡುವಷ್ಟರಲ್ಲಿ ಕಾಲ ಮಿಂಚಿತ್ತು. ಸುಮ್ಮನಿದ್ದ ಎಂಜಿನುಗಳು ಶಕ್ತಿಗೂಡಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು. ವಿಮಾನವು ಓಡುದಾರಿಯನ್ನು ಮುಟ್ಟದೆ ಈಚೆಗಿನ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, ದಿಣ್ಣೆಗೆ ತಾಗಿ ಹೊತ್ತಿ ಉರಿಯಿತು. ಅದರಲ್ಲಿದ್ದ ೧೪೬ ಮಂದಿಯಲ್ಲಿ ೯೨ ಮಂದಿ ಮೃತರಾದರು. ಕರ್ನಾಟಕ ಉಚ್ಚನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ನಡೆಸಿದ ವಿಚಾರಣೆಯು, ಎತ್ತರವನ್ನು ಕೂಗಿ ಹೇಳಿದರೂ ವೈಮಾನಿಕರು ಪರಿಸ್ಥಿತಿಯ ಗಂಭೀರತೆಯನ್ನು ಅರಿತು ಒಡನೆಯೇ ಎಂಜಿನುಗಳಿಗೆ ಶಕ್ತಿ ಕೊಡದುದೇ ದುರಂತದ ಸಂಭವನೀಯ ಕಾರಣವೆಂದು ಹೇಳಿತು. ಹಾಡುಹಗಲು ಕಣ್ಣಮುಂದೆಯೇ ಓಡುದಾರಿಯಿದ್ದಾಗ ಇಷ್ಟಾಯಿತೆಂಬುದನ್ನು ನೆನೆದರೆ, ಮಡಿದವರ ಮನೆಯವರಿಗೆ ಯಾವ ವರದಿಯಿಂದ ತಾನೇ ಸಮಾಧಾನವಾದೀತು?

ಬೆಂಗಳೂರಿನಲ್ಲಿ ನಿಜವನ್ನು ನುಡಿದ ಅದೇ ಜಾತಿಯ ರೇಡಿಯೋ ಮಾಪಕವು ಬೇರೊಂದೆಡೆ ಸುಳ್ಳನ್ನೂ ನುಡಿಯಿತು. ೨೦೦೯ರ ಫೆಬ್ರುವರಿ ೨೫ರಂದು ಇಸ್ತಾಂಬೂಲಿನಿಂದ ಆಮ್‌ಸ್ಟರ್‌ಡಾಮಿಗೆ ಬಂದ ಟರ್ಕಿಷ್ ಏರ್‌ಲೈನ್ಸಿನ ವಿಮಾನವು ಸುಮಾರು ೧,೯೫೦ ಅಡಿ ಎತ್ತರದಲ್ಲಿದ್ದಾಗ, ಎಡಗಡೆಯ ಮಾಪಕವು ಹಠಾತ್ತನೆ ‘ಸೊನ್ನೆಗಿಂತ ೮ ಅಡಿ ಕೆಳಗೆ’ ಎಂದು ತೋರಿಸಿತು. ಬಲಗಡೆಯದು ಸರಿಯಾಗಿಯೇ ಇತ್ತು. ಆದರೆ ಎಂಜಿನುಗಳ ಶಕ್ತಿಯನ್ನು ನಿಯಂತ್ರಿಸುವ ಸ್ವಯಂಚಾಲಕಯಂತ್ರವು ಎಡಗಡೆಯದರ ಮಾತನ್ನೇ ಕೇಳುವಂಥದು. ವಿಮಾನವು ನೆಲ ಮುಟ್ಟಿತೆಂದೇ ಅದು ಭಾವಿಸಿ ಎಂಜಿನುಗಳನ್ನು ತಗ್ಗಿಸಿಬಿಟ್ಟಿತು. ವೈಮಾನಿಕರು ವೇಗವು ಕುಗ್ಗಿದುದನ್ನು ತಡವಾಗಿ ಕಂಡರು. ವಿಮಾನವು ಓಡುದಾರಿಗೆ ಒಂದೂವರೆ ಕಿಲೋಮೀಟರ್ ಇರುವಂತೆಯೇ ಹೊಲದಲ್ಲಿ ಬಿದ್ದು ಮೂರು ತುಂಡಾಯಿತು. ೧೩೫ ಮಂದಿಯಲ್ಲಿ ಒಂಬತ್ತು ಜನರು ಸತ್ತರು. ಅದೇ ಮಾಪಕವು ಹಿಂದಿನ ಕೆಲವು ಇಳಿತಗಳಲ್ಲಿ ಎರಡು ಸಲ ಹೀಗೆಯೇ ತಪ್ಪು ಹೇಳಿತ್ತೆಂಬುದು ಆಮೇಲೆ ಗೊತ್ತಾಯಿತು. ಎರಡು ಮಾಪಕಗಳಿದ್ದರೂ ಒಂದನ್ನು ಇನ್ನೊಂದರೊಡನೆ ತಾಳೆನೋಡುವವರು ಇಲ್ಲದಿದ್ದರೆ, ಎರಡನೆಯದು ಇದ್ದೂ ಇಲ್ಲದಂತೆ.

ಮಂಗಳೂರಿನ ದುರಂತವನ್ನು ವಾಚಕರು ಮರೆತಿರಲಾರರು. ೨೦೧೦ರ ಮೇ ೨೨ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಉರುಳಿ ೧೫೮ ಮಂದಿ ಮಡಿದರು. ಎಂಟೇ ಮಂದಿ ಉಳಿದರು. ಅಲ್ಲಿನ ರೇಡಾರ್ ಯಂತ್ರವು ಆಗ ಕೆಟ್ಟಿದ್ದುದರಿಂದ ಇಳಿಯಲು ಅಪ್ಪಣೆಯು ವಾಡಿಕೆಗಿಂತ ತಡವಾಗಿ ದೊರೆಯಿತು. ವೈಮಾನಿಕರೂ ಇಳಿತವನ್ನು ಸರಿಯಾಗಿ ಯೋಜಿಸಿಕೊಳ್ಳಲಿಲ್ಲ. ವಿಮಾನವು ಇರಬೇಕಾದುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಎತ್ತರದಲ್ಲಿ ಬಂದಿತು. ಇಲ್ಲಿ ಉಪಕರಣಗಳು ಸುಮ್ಮನಿರಲಿಲ್ಲ. ನೆಲದ ಸಾಮೀಪ್ಯವನ್ನು ತಿಳಿಸುವ ಯಂತ್ರವು ಮೇಲಿಂದ ಮೇಲೆ ಎಚ್ಚರಿಸಿತು. ಸಹವೈಮಾನಿಕನು ‘ಇಳಿಯುವುದು ಬೇಡ, ಸುತ್ತಿಬರೋಣ’ ಎಂದು ಮೂರು ಸಲ ಹೇಳಿದನು. ಪ್ರಯಾಣದ ಬಹುಭಾಗದಲ್ಲಿ ನಿದ್ರಿಸಿದ್ದ ಹಿರಿಯ ವೈಮಾನಿಕನು ಕಿವಿಗೊಡಲಿಲ್ಲ. ಸುಮಾರು ಎಂಟು ಸಾವಿರ ಅಡಿ ಉದ್ದದ ಓಡುದಾರಿಯಲ್ಲಿ ಐದು ಸಾವಿರ ಅಡಿಗಳು ಕಳೆದಮೇಲೆ ಚಕ್ರಗಳು ನೆಲ ಮುಟ್ಟಿದವು. ಪಕ್ಕದಲ್ಲಿ ಕುಳಿತ ಕಿರಿಯನೂ ಎರಡನೆಯ ಅಳತೆಯೇ. ನಮ್ಮ ದೇಶದಲ್ಲಿ ಹಿರಿಯರ ಮಾತಿಗೆ ಎದುರಾಡಬಾರದೆಂಬ ಸಂಸ್ಕಾರವು ಎಷ್ಟು ಒಳ್ಳೆಯದಾದರೂ, ವಿಮಾನದ ಆ ಚಿಕ್ಕ ಕೋಣೆಯಲ್ಲಿ ಅದನ್ನು ಬಾಗಿಲ ಹೊರಗೆ ಬಿಟ್ಟುಬರುವುದೇ ಲೇಸೆಂದು ನಮಗೆ ತೋರುವುದು.

ಹೊಸ ಕಾಲದ ಮೋಸವೊಂದನ್ನು ಇನ್ನು ಹೇಳುವೆವು. ಸಣ್ಣ ಊರುಗಳ ನಿಲ್ದಾಣಗಳಲ್ಲೆಲ್ಲಾ ಬೆಲೆಬಾಳುವ ರೇಡಿಯೋ ಪ್ರೇಷಕಗಳನ್ನು ನಿಲ್ಲಿಸುವುದು ಕಷ್ಟ. ಅದಕ್ಕಾಗಿ ಉಪಗ್ರಹಗಳ ಸಂಕೇತದಿಂದಲೇ ಇಳಿಯುವ ದಾರಿಯನ್ನು ತೋರಿಸುವ ‘ಗಗನ್’ ಎಂಬ ವ್ಯವಸ್ಥೆಯನ್ನು ನಮ್ಮ ಬಾಹ್ಯಾಕಾಶ ಸಂಸ್ಥೆಯೂ ವಿಮಾನನಿಲ್ದಾಣ ಪ್ರಾಧಿಕಾರವೂ ಸೇರಿ ಕಟ್ಟಿದುವು. ಅದರ ನಿಯಂತ್ರಣಕೇಂದ್ರವು ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ೨೦೨೨ರ ಏಪ್ರಿಲ್ ೨೮ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕರ ವಿಮಾನಸಂಸ್ಥೆಯೊಂದರ ವಿಮಾನವು ಮೊದಲ ಬಾರಿಗೆ ಇದರ ನೆರವಿನಿಂದ ಪರೀಕ್ಷಾರ್ಥವಾಗಿ ಇಳಿಯಿತು. ಬೀದರದಂಥ ಊರುಗಳಿಗೆ ಇಂಥ ವಿದ್ಯೆಯಿಂದ ದೊಡ್ಡ ಉಪಕಾರವೇ.

ಆದರೆ ಸಾವಿರಾರು ಮೈಲಿ ದೂರದಿಂದ ಬರುವ ಉಪಗ್ರಹದ ದನಿಯು ಬಹಳ ಕ್ಷೀಣ. ಜಾತ್ರೆಯ ಗದ್ದಲದಲ್ಲಿ ತಾಯಿಯು ಮಗುವನ್ನು ಕರೆಯುವಾಗ ಡೊಳ್ಳು ಬಡಿದರೆ ಮಗುವಿಗೆ ಕರೆಯು ಕೇಳಿಸದು. ಮಗು ನಿಂತಲ್ಲಿಯೇ ಅಳುತ್ತ ನಿಲ್ಲುವುದು. ಅದು ಅಷ್ಟು ಅಪಾಯವಲ್ಲ. ಯಾರಾದರೂ ತಾಯಿಯ ದನಿಯನ್ನೇ ಅನುಕರಿಸಿ ಬೇರೆ ದಿಕ್ಕಿನಿಂದ ಕರೆದರೆ, ಮಗು ನಗುನಗುತ್ತ ಆ ಕಡೆಗೆ ಓಡುವುದು. ಉಪಗ್ರಹದ ಸಂಕೇತಕ್ಕೂ ಈ ಎರಡು ಬಗೆಯ ಕೇಡುಗಳುಂಟು. ಮೊದಲನೆಯದರಲ್ಲಿ ಉಪಕರಣವು ‘ತಿಳಿಯದು’ ಎನ್ನುವುದು. ಎರಡನೆಯದರಲ್ಲಿ ಇಲ್ಲದ ಜಾಗವನ್ನು ಧೈರ್ಯವಾಗಿ ಹೇಳುವುದು. ಹೊಲದ ಬದುವಿನಲ್ಲಿ ಕೊಳ್ಳಿದೆವ್ವದ ದೀಪವನ್ನು ನಂಬಿ ದಾರಿ ತಪ್ಪಿದವರ ಕಥೆಗಳನ್ನು ಅಜ್ಜಿಯರು ಹೇಳುತ್ತಿದ್ದರಲ್ಲವೇ? ಯುದ್ಧಗಳು ನಡೆಯುವ ನಾಡುಗಳ ಸುತ್ತಮುತ್ತ ಇದು ವಾಡಿಕೆಯಾಯಿತು. ೨೦೨೫ರ ನವೆಂಬರಿನಲ್ಲಿ ನಮ್ಮ ದೆಹಲಿಯ ನಿಲ್ದಾಣಕ್ಕೇ ಬಂದಿತು. ಉಪಗ್ರಹವನ್ನು ಅವಲಂಬಿಸಿ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ಹುಸಿಸಂಕೇತವು ಎದುರಾದುದನ್ನು ಕೇಂದ್ರಸರ್ಕಾರವು ಮರುತಿಂಗಳು ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಬೇರೆ ಓಡುದಾರಿಗಳಲ್ಲಿ ನೆಲದ ಮೇಲಿನ ಹಳೆಯ ರೇಡಿಯೋ ಸಾಧನಗಳಿಂದ ಇಳಿದ ವಿಮಾನಗಳಿಗೆ ತೊಂದರೆಯಾಗಲಿಲ್ಲ. ಹಳೆಯವನ್ನೆಲ್ಲ ಕಿತ್ತುಹಾಕದೆ ಕನಿಷ್ಠ ಒಂದು ಜಾಲವನ್ನಾದರೂ ಉಳಿಸಿಕೊಂಡಿರುವುದು ಈ ಕಾರಣಕ್ಕಾಗಿಯೇ. ಹೊಸ ಕೊಡ ತಂದ ದಿನವೇ ಹಳೆಯದನ್ನು ಒಡೆಯುವವಳು ಗೃಹಿಣಿಯಲ್ಲ.

ಹಾಗಾದರೆ ಯಂತ್ರವನ್ನು ಬಿಟ್ಟು ಕಣ್ಣನ್ನೇ ನಂಬಿದರಾಯಿತೆನ್ನುವವರುಂಟು. ಕಣ್ಣೂ ಒಂದು ಉಪಕರಣವೇ. ಸುತ್ತಲೂ ದೀಪವಿಲ್ಲದ ಎರೆಹೊಲಗಳು ಹಬ್ಬಿ, ನಡುವೆ ಓಡುದಾರಿಯ ದೀಪಗಳಷ್ಟೇ ಕಾಣುವ ಕತ್ತಲರಾತ್ರಿಯಲ್ಲಿ, ತಾನು ನಿಜಕ್ಕಿಂತ ಎತ್ತರದಲ್ಲಿರುವೆನೆಂಬ ಭ್ರಮೆ ನುರಿತ ವೈಮಾನಿಕನಿಗೂ ಉಂಟಾಗುವುದು. ಮದುವೆ ಮೆರವಣಿಗೆಗಳಲ್ಲಿ ಆಕಾಶಕ್ಕೆ ಬಿಡುವ ಲೇಸರ್ ಬೆಳಕು ತಗುಲಿದರೆ ಆ ಕಣ್ಣೂ ಕೆಲವು ಗಳಿಗೆ ಕುರುಡಾಗುವುದು. ನಿಲ್ದಾಣದ ಸುತ್ತಣ ಊರುಗಳ ಹುಡುಗರಿಗೆ ಹಿರಿಯರು ಈ ಮಾತನ್ನು ತಿಳಿಸಬೇಕು. ಕಣ್ಣು, ಮುಳ್ಳು, ದೂರದ ಅಂಕಿ, ಎತ್ತರದ ಅಂಕಿ, ಪಕ್ಕದವನ ಬಾಯಿ, ಇವಿಷ್ಟೂ ಒಂದೇ ಮಾತು ಹೇಳಿದರೆ ಇಳಿಯಬಹುದು. ಒಂದು ಭಿನ್ನವಾಗಿ ನುಡಿದರೂ ಯಾವುದು ಸರಿಯೆಂದು ಅಲ್ಲಿಯೇ ತೀರ್ಮಾನಿಸುತ್ತ ಕೂರಲು ಹೊತ್ತಿರದು. ಮೊದಲು ಮೇಲೇರಬೇಕು, ತೀರ್ಮಾನವು ಆಮೇಲೆ.

ಪ್ರಯಾಣಿಕರಾದ ನಮಗೂ ನಿಮಗೂ ಈ ವಿಷಯದಲ್ಲಿ ಪಾತ್ರವುಂಟೆಂಬುದನ್ನು ಅನೇಕರು ಅರಿಯರು. ವಿಮಾನವು ಬೀದರದ ಕೋಟೆಯು ಕಣ್ಣಿಗೆ ಬೀಳುವಷ್ಟು ಕೆಳಗಿಳಿದು, ಇನ್ನೇನು ನೆಲ ಮುಟ್ಟಿತೆನ್ನುವಾಗ ಗರ್ಜಿಸಿ ಮತ್ತೆ ಮೇಲೇರಿದರೆ ಒಳಗೆ ಕುಳಿತವರಲ್ಲಿ ಕೆಲವರು ಹೆದರುವರು, ಕೆಲವರು ಗೊಣಗುವರು, ಇಳಿದಮೇಲೆ ‘ನಡೆಸಲು ಬಾರದವನನ್ನು ಕೂರಿಸಿದ್ದಾರೆ’ ಎಂದು ಹೀಯಾಳಿಸುವರು. ಭಾಲ್ಕಿಯ ಕಡೆಯ ಬಸ್ಸು ತಪ್ಪೀತೆಂಬ ಆತುರವು ಇರುವುದು ಸಹಜವೇ. ಆದರೆ ಹೀಗೆ ಸುತ್ತಿಬರುವುದು ವೈಮಾನಿಕನಿಗೆ ಕಲಿಸಿದ ಪಾಠಗಳಲ್ಲಿ ಒಂದು; ವಾಯುಪಡೆಯ ಹುಡುಗರು ಬೀದರದ ಆಕಾಶದಲ್ಲಿ ಅದನ್ನು ದಿನವೂ ಅಭ್ಯಾಸಮಾಡುವರು. ಪ್ರಯಾಣಿಕರ ವಿಮಾನವು ಹೊರಡುವಾಗಲೇ, ಸುತ್ತಿಬಂದರೂ ಇಳಿಯಲಾಗದೆ ಬೇರೊಂದು ನಿಲ್ದಾಣಕ್ಕೆ ಹೋಗಬೇಕಾದರೆ ಬೇಕಾಗುವಷ್ಟು ಎಣ್ಣೆಯನ್ನೂ, ಅಲ್ಲಿ ಮತ್ತೆ ಅರ್ಧ ಗಂಟೆ ಹಾರುವಷ್ಟು ಎಣ್ಣೆಯನ್ನೂ ಲೆಕ್ಕಹಾಕಿ ತುಂಬಿಸಿರುವರು. ಆ ದಿನ ಹೈದರಾಬಾದಿನಲ್ಲಿಯೇ ಇಳಿಸಿದರೂ ಅಲ್ಲಿಂದ ಬೀದರಕ್ಕೆ ರಸ್ತೆಯು ಸುಮಾರು ೧೪೦ ಕಿಲೋಮೀಟರ್. ಊಟದ ಹೊತ್ತಿಗೆ ತಲುಪಬೇಕಾದವರು ರಾತ್ರಿಯ ಹೊತ್ತಿಗೆ ಮನೆ ಸೇರುವರು.